ಬಂದರು ಮುಚ್ಚಿದ ದಿನ

ಹೊರಗೆ ಸೊನ್ನೆಗಿಂತ ನಾಲ್ಕು ಕೆಳಗೆ.
ಪರದೆಯ ಮೇಲೆ ತಾಳೆಮರ, ಮರಳು, ಮೊಟ್ಟೆಯಂಥ ಸೂರ್ಯ:
ಬೇಸಿಗೆಯ ಮಹಾ ಮಾರಾಟ!
ಭೂಮಿಗೆ ತೆಂಕಣ ಅರ್ಧವೂ ಒಂದಿದೆಯೆಂದು
ಈ ಅಂಗಡಿಯವರಿಗೆ ಯಾರೂ ಹೇಳಿಲ್ಲ.
ಪುಂಟಾ ಅರೆನಾಸ್‌ಗೆ ಇವತ್ತು ಸೂರ್ಯ ಬಂದದ್ದು ಹತ್ತಕ್ಕೆ,
ಹಾಜರಿ ಹಾಕಿ ಜಾರಿಕೊಳ್ಳುವ ಗುಮಾಸ್ತನ ಹಾಗೆ.

ಗಾಳಿ ಜಲಸಂಧಿಗೆ ಬೀಗ ಹಾಕಿದೆ.
ಫೆರಿ ಹೊರಡುವುದಿಲ್ಲ. ಇಪ್ಪತ್ತೆರಡು ವರ್ಷ
ಹಗ್ಗ ಎಸೆದ ಕೈಗೆ ಮೌಸ್ ಸಿಕ್ಕಿದೆ.
ಎರಡು ಗಂಟೆಗೆ ಮಾರಾಟ ಮುಗಿಯುತ್ತದೆ.
ಬುಟ್ಟಿಯಲ್ಲಿ ಹನ್ನೊಂದು ಆಟ,
ಖಾತೆಯಲ್ಲಿ ಹದಿನೆಂಟು ಸಾವಿರ ಪೆಸೊ,
ಬಾಗಿಲ ಬಳಿ ಬಾಯಿಬಿಟ್ಟು ಮಲಗಿದ ನನ್ನ ಬೂಟು.

ಅಗ್ಗಕ್ಕೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು
ಎಂದು ಬಾಚಿಕೊಂಡ ದಿನಗಳೂ ಇದ್ದವು.
ಆಗಿನವು ನೂರ ನಲವತ್ತಮೂರು
ಒಳಗೆ ಸಾಲಾಗಿ ಕೂತಿವೆ, ಪಂಕ್ತಿಯಲ್ಲಿ
ಎಲೆ ಹಾಕಿಸಿಕೊಂಡು ಅನ್ನ ಬಾರದವರ ಹಾಗೆ.
ಒಂದರಲ್ಲಿ ಒಬ್ಬ ರಾಜಕುಮಾರ
ಎರಡು ಚಳಿಗಾಲದಿಂದ ಮೊದಲ ಬಾಗಿಲ ಮುಂದೆ
ಕೈಯೆತ್ತಿ ನಿಂತಿದ್ದಾನೆ.
ಬಡಿ ಎಂದು ನಾನಿನ್ನೂ ಹೇಳಿಲ್ಲ.

ಭಾವ ಲ್ಯುಬೊನ ಸೂತ್ರ ಸರಳ:
ಬೆಲೆಯನ್ನು ಗಂಟೆಯಿಂದ ಭಾಗಿಸು,
ಬಸ್ ಟಿಕೆಟಿಗಿಂತ ಕಡಿಮೆ ಬಂದರೆ ಕೊಳ್ಳು.
ಆ ಲೆಕ್ಕದಲ್ಲಿ, ಭಾವ,
ಜೈಲಿಗಿಂತ ಅಗ್ಗದ್ದು ಯಾವುದಿದೆ?

ದನಿತ್ಸಾ ಪಾತ್ರೆ ಒರೆಸುತ್ತಾ ಬಂದು ಇಣುಕುತ್ತಾಳೆ.
ತೆರಿಗೆಯಿಲ್ಲದ ಮಳಿಗೆಯಲ್ಲಿ
ಕೆಂಪು ಚೀಟಿ ಅಂಟಿಸುವ ಕೆಲಸ ಅವಳದ್ದು.
"ಮೊದಲು ಏರಿಸ್ತೀವಿ. ಆಮೇಲೆ ಗೀಟು ಹೊಡೀತೀವಿ.
ನೀನು ಕೊಳ್ಳೋದು ಆ ಗೀಟನ್ನ."
ಅಷ್ಟು ಹೇಳಿ, ಇನ್ನೊಂದು ತಟ್ಟೆಗೆ ಹೋಗುವ ಮೊದಲು,
"ಆ ಹೂವಿನ ತೋಟದ್ದು ತೆಗೀಬೇಡ."

ಹೂವಿನ ತೋಟ ತೆಗೆದೆ, ಅವಳು ಬೆನ್ನು ತಿರುಗಿಸಿದಾಗ.
ಮತ್ತೆ ಹಾಕಿದೆ.
ಸೋಮಾರಿ ಯೋಧರು, ಸತ್ತು ಎದ್ದವರು, ರೈಲು, ಗಾಲ್ಫ್
ಒಂದೊಂದಾಗಿ ಇಳಿದವು.
ದೋಣಿ ನಡೆಸುವ ಆಟದ ಹತ್ತಿರ ಬೆರಳು ತಡೆಯಿತು.
ಮುಕ್ಕಾಲು ರಿಯಾಯಿತಿ.
ಸಂಬಳ ಕೊಟ್ಟು ಮಾಡಿಸುವುದನ್ನು
ದುಡ್ಡು ಕೊಟ್ಟು ಮಾಡುವ ಹುಚ್ಚು ಯಾರಿಗೆ?
ಆದರೆ ಅದರಲ್ಲಿ, ನೋಡಿ,
ಹಗ್ಗ ಎಸೆಯುವವ ಬೇರೆ ಯಾರೋ.
ನಾನು ಕಪ್ತಾನ.
ತೆಗೆದೆ. ಹಾಕಿದೆ. ತೆಗೆದೆ.

ಮಿಲೆಂಕಾಳಿಗೆ ಎಂಟು ವರ್ಷ. ಅವಳದ್ದು ಒಂದೇ ಪ್ರಶ್ನೆ:
"ಅದ್ರಲ್ಲಿ ನಾಯಿ ಇದೆಯಾ? ತಲೆ ಸವರಬಹುದಾ?"
ಯಾವ ಜಾಹೀರಾತೂ ಇದಕ್ಕೆ ಉತ್ತರ ಕೊಡುವುದಿಲ್ಲ.

ಒಂದೂವರೆಗೆ ಉಳಿದದ್ದು ಎರಡು.
ಒಂದು: ಏಳು ರಾಜ್ಯ, ಮುನ್ನೂರು ಗಂಟೆ,
ನೂರಕ್ಕೆ ತೊಂಬತ್ತು ಕಡಿತ.
ಇನ್ನೊಂದು: ಯಾವುದೋ ದ್ವೀಪದಲ್ಲಿ
ರೇಡಿಯೊ ರಿಪೇರಿ ಮಾಡುವ ಮುದುಕಿ.
ಮೂರೇ ಗಂಟೆಯ ಕತೆ. ಕಡಿತ ಬರೀ ಹದಿನೈದು,
ಕೇಳಿದ್ದಕ್ಕೆ ನಾಚಿಕೊಂಡು ಇಳಿಸಿದಷ್ಟು.
ಮುನ್ನೂರು ಗಂಟೆ ನನ್ನ ಹತ್ತಿರ ಎಲ್ಲಿದೆ?
ಇದ್ದರೆ, ಒಂದೊಂದಕ್ಕೂ ಅಂಗಡಿಯವರು
ನನಗೆಷ್ಟು ಕೊಟ್ಟಾರು?

ಕಿಟಕಿಯ ಗಾಜು ಒಮ್ಮೆಲೇ ಸುಮ್ಮನಾಯಿತು.
ಫೋನು ಕಂಪಿಸಿತು: ಬಂದರು ತೆರೆದಿದೆ, ಬೇಗ ಬಾ.
ಒಂದು ಕಾಲು ಬೂಟಿನಲ್ಲಿ, ಒಂದು ತೋಳು ಕೋಟಿನಲ್ಲಿ,
ಬಗ್ಗಿ ಯಾವುದನ್ನೋ ಒತ್ತಿದೆ.
ಯಾವುದನ್ನು?

ಲಾರಿಗಳ ಚಕ್ರಕ್ಕೆ ಕಟ್ಟಿಗೆ ಕೊಡುವಾಗ ಕೇಳಿಕೊಂಡೆ.
ಹಗ್ಗ ಸುತ್ತುವಾಗ ಕೇಳಿಕೊಂಡೆ.
ಎಡಗಾಲಿನ ಹೆಬ್ಬೆರಳಿಗೆ ಸಮುದ್ರ ಬಂದಾಗ
ಆ ದುಡ್ಡಿನಲ್ಲಿ ಅಂಟಾದರೂ ಬರುತ್ತಿತ್ತಲ್ಲ ಅನ್ನಿಸಿತು.
ನಡುನೀರಿನಲ್ಲಿ ಸಿಗ್ನಲ್ ಇಲ್ಲ.

ಪೊರ್ವೆನೀರ್‌ನ ದೀಪಗಳು ಕಾಣುವ ಹೊತ್ತಿಗೆ
ಜೇಬು ಒಮ್ಮೆ ಗುರ್ ಅಂದಿತು. ಮಿಲೆಂಕಾ:
"ನಾಯಿ ಇಲ್ಲ ಪಪ್ಪಾ.
ಬೆಕ್ಕಿದೆ.
ಸವರಿದ್ರೆ ಪರಚುತ್ತೆ."